ಮನೆ ಮುಂದಿನ ಕಾಲುದಾರಿ: ನೆಲ ಊರಿನದು, ರಿಪೇರಿ ಯಾರದು?



ನಾವೆಲ್ಲ ದಿನವೂ ತುಳಿದು ಓಡಾಡುವ, ಆದರೆ ಯಾರೂ ಪಾಠವಾಗಿ ಓದದ ಒಂದು ವಸ್ತು ನಮ್ಮ ಮನೆ ಮುಂದೆಯೇ ಇದೆ. ಇಲ್ಲಿ ಅದನ್ನು ಸೈಡ್‌ವಾಕ್ ಎನ್ನುತ್ತಾರೆ, ಊರಿನಲ್ಲಿ ನಾವು ಫುಟ್‌ಪಾತ್ ಎನ್ನುತ್ತಿದ್ದೆವು. ಮಕ್ಕಳು ಸ್ಕೂಟರ್ ಓಡಿಸುವುದು ಅದರ ಮೇಲೆ. ಊರಿಂದ ಬಂದ ಅಜ್ಜ ಅಜ್ಜಿ ಸಂಜೆ ಚಪ್ಪಲಿ ಮೆಟ್ಟಿಕೊಂಡು ವಾಕಿಂಗ್ ಹೊರಡುವುದೂ ಅದರ ಮೇಲೆಯೇ. ಎಲ್ಲೋ ಒಂದು ಕಡೆ ಮರದ ಬೇರು ಕಾಂಕ್ರೀಟನ್ನು ಎತ್ತಿ ಹಿಡಿದಿರುತ್ತದೆ. ಒಂದು ಹಾಸು ಪಕ್ಕದ ಹಾಸಿಗಿಂತ ಒಂದಿಂಚು ಮೇಲೆ ಬಂದಿರುತ್ತದೆ. ಯಾರೋ ಎಡವಿ ಬೀಳುತ್ತಾರೆ. ಆಗ ಏಳುವ ಪ್ರಶ್ನೆ: ಇದನ್ನು ಸರಿ ಮಾಡಿಸಬೇಕಾದವರು ಯಾರು?

"ಸಿಟಿಯವರು, ಇನ್ಯಾರು? ನಾವು ತೆರಿಗೆ ಕಟ್ಟುತ್ತಿಲ್ಲವೇ?" ಎಂದು ಮೊದಲ ಬಾರಿ ಮನೆ ಕೊಂಡ ನಮ್ಮವರಲ್ಲಿ ಬಹಳ ಜನ ಹೇಳುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಈ ಉತ್ತರ ಹೆಚ್ಚಿನ ಕಡೆ ತಪ್ಪು. ಮನೆ ಕೊಳ್ಳುವಾಗ ಛಾವಣಿ ನೋಡುತ್ತೇವೆ, ಗೆದ್ದಲು ಪರೀಕ್ಷೆ ಮಾಡಿಸುತ್ತೇವೆ, ಬಾಗಿಲು ಪೂರ್ವಕ್ಕಿದೆಯೇ ಎಂದು ದಿಕ್ಸೂಚಿ ಹಿಡಿದು ನೋಡುವವರೂ ಇದ್ದಾರೆ. ಆ ಬಾಗಿಲಿನ ಮುಂದಿನ ಕಾಂಕ್ರೀಟ್ ಹಾಸನ್ನು ಬಗ್ಗಿ ನೋಡುವವರು ಮಾತ್ರ ಕಡಿಮೆ. ಆದ್ದರಿಂದ ಈ ವರ್ಷದ ಸಂಚಿಕೆಗೆ ಈ ವಿಷಯವನ್ನೇ ಆರಿಸಿಕೊಂಡಿದ್ದೇವೆ. ಸ್ಯಾನ್ ಹೋಸೆ ನಗರವನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ, ಏಕೆಂದರೆ ಈ ವಿಷಯದಲ್ಲಿ ಅಲ್ಲಿನ ನಿಯಮ ಬಹಳ ಖಡಕ್ಕು.

ಮೊದಲು ನೆಲದ ಲೆಕ್ಕ

ರಸ್ತೆಯ ಡಾಂಬರಿನಿಂದ ಮನೆಯ ಕಡೆಗೆ ನಡೆದು ಬನ್ನಿ. ಮೊದಲು ಸಿಗುವುದು ಕಾಂಕ್ರೀಟಿನ ಅಂಚುಕಟ್ಟೆ, ಅಂದರೆ ಕರ್ಬ್. ಹಲವು ಬೀದಿಗಳಲ್ಲಿ ಅದರ ಪಕ್ಕ ಒಂದು ಹುಲ್ಲಿನ ಪಟ್ಟಿ, ಆ ಪಟ್ಟಿಯಲ್ಲಿ ಒಂದು ಬೀದಿಮರ. ಆಮೇಲೆ ಸೈಡ್‌ವಾಕ್. ಆಮೇಲೆ ನಿಮ್ಮ ಅಂಗಳ. ಸಾಮಾನ್ಯವಾಗಿ ನಿಮ್ಮ ಸೈಟಿನ ಗಡಿ ಸೈಡ್‌ವಾಕಿನ ಒಳ ಅಂಚಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಅಲ್ಲಿಂದಾಚೆಗಿನದು ಸಾರ್ವಜನಿಕರ ಓಡಾಟಕ್ಕೆ ಮೀಸಲಾದ ಜಾಗ. ಅಲ್ಲಿ ನಾವು ಬೇಲಿ ಹಾಕುವಂತಿಲ್ಲ, ನಡೆಯುವವರನ್ನು ತಡೆಯುವಂತಿಲ್ಲ. ಡ್ರೈವ್‌ವೇಯಲ್ಲಿ ನಿಲ್ಲಿಸಿದ ನಮ್ಮದೇ ಕಾರಿನ ಹಿಂಭಾಗ ಸೈಡ್‌ವಾಕಿನ ಮೇಲೆ ಚಾಚಿಕೊಂಡರೂ ದಂಡದ ಚೀಟಿ ಬೀಳಬಹುದು.

ಇಷ್ಟರವರೆಗೆ ಊರಿನ ಲೆಕ್ಕವೂ ಇದೇ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಚರಂಡಿ ಮೇಲಿನ ಚಪ್ಪಡಿ ಕಲ್ಲು ಮುರಿದರೆ ನಾವು ಬೈಯುವುದು ಪಾಲಿಕೆಯನ್ನು. ಸರಿಯಾಗಿಯೇ ಬೈಯುತ್ತೇವೆ, ಅದು ಅವರ ಕೆಲಸವೇ. 2025ರ ಮೇ ತಿಂಗಳಲ್ಲಿ ಭಾರತದ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಡೆತಡೆಯಿಲ್ಲದ ಫುಟ್‌ಪಾತ್ ಬಳಸುವುದು ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕಿನ ಭಾಗ ಎಂದು ಹೇಳಿತು. ಹೇಳಿದ್ದು ಸರ್ಕಾರಗಳಿಗೆ, ಮನೆಯವರಿಗಲ್ಲ. ಹೀಗೆ ಬೆಳೆದುಬಂದ ನಮಗೆ ಮನೆ ಮುಂದೆ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಇಡುವುದು ನಮ್ಮ ಕೆಲಸ. ಕಲ್ಲು ಕೂರಿಸುವುದು ಸರ್ಕಾರದ ಕೆಲಸ. ಇಲ್ಲಿ ಎರಡೂ ನಮ್ಮ ತಲೆಯ ಮೇಲೆಯೇ ಬರುತ್ತದೆ.

ರಾಜ್ಯದ ಕಾನೂನು ಏನು ಹೇಳುತ್ತದೆ?

ಕ್ಯಾಲಿಫೋರ್ನಿಯಾದಲ್ಲಿ 1911ರ ಸುಧಾರಣಾ ಕಾಯ್ದೆ ಎಂಬುದೊಂದಿದೆ. ಬೀದಿ, ಚರಂಡಿ, ಕಾಲುದಾರಿಗಳನ್ನು ಕಟ್ಟಿ, ಅದರ ಖರ್ಚನ್ನು ಅಕ್ಕಪಕ್ಕದ ಆಸ್ತಿಗಳ ಮೇಲೆ ಹಂಚುವ ವ್ಯವಸ್ಥೆ ಅದು. ಈಗ ಅದು ರಾಜ್ಯದ ಬೀದಿ ಮತ್ತು ಹೆದ್ದಾರಿ ಸಂಹಿತೆಯ ಒಳಗೆ ಸೇರಿದೆ. ಅದರ 5610ನೇ ಕಲಮಿನ ಸಾರ ಇಷ್ಟು: ಸಾರ್ವಜನಿಕ ಬೀದಿಗೆ ಮುಖ ಮಾಡಿದ ಆಸ್ತಿಯ ಮಾಲೀಕರು ತಮ್ಮ ಮುಂದಿನ ಸೈಡ್‌ವಾಕನ್ನು ಜನರಿಗಾಗಲಿ ಆಸ್ತಿಗಾಗಲಿ ಅಪಾಯವಾಗದ ಸ್ಥಿತಿಯಲ್ಲಿ ಇಟ್ಟುಕೊಳ್ಳಬೇಕು. ಇಲ್ಲಿ "ಸೈಡ್‌ವಾಕ್" ಎಂಬ ಮಾತಿನ ಹೊಟ್ಟೆ ದೊಡ್ಡದು. ನಡೆಯುವ ಹಾಸಿನ ಜೊತೆಗೆ ಹುಲ್ಲಿನ ಪಟ್ಟಿ, ಕರ್ಬ್, ಮಣ್ಣು ತಡೆಯುವ ಗೋಡೆ ಎಲ್ಲವೂ ಅದರೊಳಗೆ ಬರುತ್ತವೆ.

ಮಾಲೀಕರು ನೋಡಿಕೊಳ್ಳದಿದ್ದರೆ? ನಗರದ ಅಧಿಕಾರಿ ಒಂದು ನೋಟಿಸು ಕಳಿಸುತ್ತಾರೆ. ನೋಟಿಸು ಕೊಟ್ಟ ಎರಡು ವಾರದೊಳಗೆ ಕೆಲಸ ಶುರುವಾಗಬೇಕು, ಶುರುವಾದ ಮೇಲೆ ನಿಲ್ಲಿಸದೆ ಮುಗಿಸಬೇಕು. ಇಲ್ಲವಾದರೆ ನಗರವೇ ರಿಪೇರಿ ಮಾಡಿಸಿ ಖರ್ಚನ್ನು ಮಾಲೀಕರ ಮೇಲೆ ಹಾಕುತ್ತದೆ. ಅದನ್ನೂ ಕಟ್ಟದಿದ್ದರೆ ಆ ಮೊತ್ತ ಮನೆಯ ಮೇಲೆ ಋಣಭಾರವಾಗಿ ಕೂರುತ್ತದೆ. ಊರಿನಲ್ಲಿ ಸೈಟು ಕೊಳ್ಳುವ ಮುಂಚೆ ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಇ.ಸಿ. ತೆಗೆಸಿ ನೋಡುತ್ತೇವಲ್ಲ, ಅದರಲ್ಲಿ ಕಾಣುವಂಥ ಭಾರವೇ ಇದು. ಮುಂದೆ ಮನೆ ಮಾರಲು ಹೋದಾಗ ಕಾಲಿಗೆ ತೊಡರುತ್ತದೆ.

ಒಂದು ವಿನಾಯಿತಿ ನೆನಪಿಡಬೇಕು. ನಗರದಿಂದ ಅನುಮತಿ ಪಡೆದು ಬೇರೆಯವರು ಮಾಡಿದ ಕೆಲಸದಿಂದ ಹಾಸು ಹಾಳಾಗಿದ್ದರೆ ಅದು ಈ ಕಲಮಿನ ಪ್ರಕಾರ ಮಾಲೀಕರ ಹೊಣೆಯಲ್ಲ. ನೀರಿನ ಮೀಟರ್ ಪೆಟ್ಟಿಗೆ ಕುಸಿದಿರುವುದು, ಗ್ಯಾಸ್ ಅಥವಾ ಕೇಬಲ್ ಕಂಪನಿಯವರು ಅಗೆದು ಮುಚ್ಚಿದ ಜಾಗ ತಗ್ಗಾಗಿರುವುದು, ಇಂಥವು. ನೋಟಿಸು ಬಂದರೆ ಕಾಂಟ್ರಾಕ್ಟರನ್ನು ಹುಡುಕುವ ಮುಂಚೆ ಒಮ್ಮೆ ಹೊರಗೆ ಹೋಗಿ, ಒಡಕು ಎಲ್ಲಿಂದ ಶುರುವಾಗಿದೆ ಎಂದು ನೋಡುವುದು ಒಳ್ಳೆಯದು. ಹತ್ತಿರದಲ್ಲಿ ಕಬ್ಬಿಣದ ಮುಚ್ಚಳವಿದ್ದರೆ ಅದರ ಮೇಲೆ ಯಾರ ಹೆಸರಿದೆ ಎಂಬುದನ್ನೂ ಓದಿಕೊಳ್ಳಿ.

ನಮ್ಮದಲ್ಲದ ನೆಲವನ್ನು ನಾವೇಕೆ ರಿಪೇರಿ ಮಾಡಿಸಬೇಕು ಎಂಬ ಪ್ರಶ್ನೆ ಮಕ್ಕಳಿಗೂ ಹೊಳೆಯುವಂಥದ್ದು. ಇದಕ್ಕೆ ಹಳೆಯ ಸಮರ್ಥನೆ ಏನೆಂದರೆ, ಮನೆ ಮುಂದಿನ ಹಾಸಿನಿಂದ ಹೆಚ್ಚು ಲಾಭ ಆ ಮನೆಯವರಿಗೇ, ದಿನವೂ ನೋಡುವವರೂ ಅವರೇ. ಈ ವಿಚಾರ ಅಮೆರಿಕದಲ್ಲಿ ಹುಟ್ಟಿದ್ದೂ ಅಲ್ಲ. 18ನೇ ಶತಮಾನದ ನಡುವಿನವರೆಗೆ ಲಂಡನ್ನಿನಲ್ಲಿ ಪ್ರತಿ ಮನೆಯವರೂ ತಮ್ಮ ಬಾಗಿಲ ಮುಂದಿನ ಹಾಸುಗಲ್ಲನ್ನು ತಾವೇ ನೋಡಿಕೊಳ್ಳಬೇಕಿತ್ತು. ಒಬ್ಬ ಒಳ್ಳೆಯ ಕಲ್ಲು ಹಾಕಿಸಿದ, ಪಕ್ಕದವನು ಸಿಕ್ಕ ಕಲ್ಲು ತುಂಬಿದ, ಮತ್ತೊಬ್ಬ ಕೈಕಟ್ಟಿ ಕೂತ. ಬೀದಿ ಏರುತಗ್ಗಿನ ಕೌದಿಯಂತಾಯಿತು. ಕೊನೆಗೆ 1762ರಲ್ಲಿ ವೆಸ್ಟ್‌ಮಿನ್‌ಸ್ಟರಿಗಾಗಿ ಒಂದು ಕಾಯ್ದೆ ಮಾಡಿ, ಆ ಕೆಲಸವನ್ನು ಮನೆಯವರಿಂದ ತೆಗೆದು ಕಮಿಷನರುಗಳ ಕೈಗೆ ಕೊಟ್ಟರು. ಖರ್ಚಿಗೆ ಎಲ್ಲರಿಂದ ತೆರಿಗೆ ಎತ್ತಿದರು. ಲಂಡನ್ ಬಿಟ್ಟ ಪದ್ಧತಿಯನ್ನು ಅಮೆರಿಕದ ಬಹಳ ನಗರಗಳು ಇಂದಿಗೂ ಹಿಡಿದುಕೊಂಡಿವೆ ಎಂಬುದು ಸೋಜಿಗವೇ ಸರಿ.

ರಿಪೇರಿಯ ಹೊಣೆ ಬೇರೆ, ಬಿದ್ದವರ ಹೊಣೆ ಬೇರೆ

ಈ ಪಾಠದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಮುರಿದ ಹಾಸಿನ ಬಗ್ಗೆ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಒಂದು, ಅದನ್ನು ಸರಿಮಾಡಿಸುವ ಖರ್ಚು ಯಾರದು? ಎರಡು, ಅಲ್ಲಿ ಬಿದ್ದು ಕೈ ಮುರಿದುಕೊಂಡವರಿಗೆ ಪರಿಹಾರ ಕೊಡಬೇಕಾದವರು ಯಾರು?

ಮೊದಲನೆಯದಕ್ಕೆ 5610ನೇ ಕಲಮು ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಅದು ಉತ್ತರವಲ್ಲ ಎಂದು ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ 1944ರಲ್ಲೇ, ಶೇಫರ್ ಮತ್ತು ಲೆನಹನ್ ಮೊಕದ್ದಮೆಯಲ್ಲಿ ಹೇಳಿತು. ಮಾಲೀಕನ ಕರ್ತವ್ಯ ನಗರಕ್ಕೆ ಸಲ್ಲಬೇಕಾದ್ದು, ದಾರಿಹೋಕನಿಗೆ ಸಲ್ಲಬೇಕಾದ್ದಲ್ಲ ಎಂಬುದು ಅದರ ತಾತ್ಪರ್ಯ. ಅಂದರೆ ರಿಪೇರಿ ಖರ್ಚು ಮನೆಯವರದು, ಆದರೆ ಬಿದ್ದವರು ಕೇಳಬೇಕಾದ್ದು ನಗರವನ್ನು. ತಾನೇ ಅಗೆದು ಹಾಳು ಮಾಡಿದ್ದರೆ ಆ ಮಾತು ಬೇರೆ. ಆಗ ಮಾಲೀಕನೂ ಉತ್ತರ ಕೊಡಬೇಕು.

ಇದರ ಫಲ ಏನಾಯಿತು? ಮಾಲೀಕರಿಗೆ ರಿಪೇರಿ ಮಾಡಿಸುವ ಅವಸರವಿಲ್ಲ, ಬಿದ್ದವರ ಮೊಕದ್ದಮೆಗಳು ಮಾತ್ರ ನಗರದ ಬೊಕ್ಕಸಕ್ಕೆ. ಹೀಗಾಗಿ ಸ್ಯಾನ್ ಹೋಸೆ ತನ್ನ ನಗರ ಸಂಹಿತೆಯಲ್ಲಿ ಇನ್ನೊಂದು ನಿಯಮ ಸೇರಿಸಿತು. ಸೈಡ್‌ವಾಕನ್ನು ಸುರಕ್ಷಿತವಾಗಿ ಇಟ್ಟುಕೊಳ್ಳದ ಮಾಲೀಕ ಅಲ್ಲಿ ಗಾಯಗೊಂಡವರಿಗೂ ಹೊಣೆಗಾರ ಎಂಬ ನಿಯಮ. ಇದು ರಾಜ್ಯದ ಕಾನೂನಿಗೆ ವಿರುದ್ಧ ಎಂಬ ವಾದ ನ್ಯಾಯಾಲಯಕ್ಕೆ ಹೋಯಿತು. 2004ರಲ್ಲಿ ಗೊನ್ಜಾಲೆಸ್ ಮತ್ತು ಸ್ಯಾನ್ ಹೋಸೆ ನಗರ ಎಂಬ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ಆ ನಿಯಮವನ್ನು ಎತ್ತಿಹಿಡಿಯಿತು. ಸ್ಯಾಕ್ರಮೆಂಟೊ ನಗರದ ಇಂಥದೇ ನಿಯಮಕ್ಕೂ 2007ರಲ್ಲಿ ಒಪ್ಪಿಗೆ ಸಿಕ್ಕಿತು. ಹಾಗೆಂದು ನಗರ ಕೈ ತೊಳೆದುಕೊಂಡ ಹಾಗಲ್ಲ. ಅಪಾಯದ ಸುಳಿವು ಇದ್ದೂ ಸುಮ್ಮನಿದ್ದರೆ ರಾಜ್ಯದ ಕಾನೂನಿನಡಿ ಅದರ ಹೊಣೆ ಅದಕ್ಕೆ ಇದ್ದೇ ಇದೆ.

ಆದ್ದರಿಂದ ಸ್ಯಾನ್ ಹೋಸೆಯಲ್ಲಿ ಮನೆ ಇರುವವರಿಗೆ ಮುಂದಿನ ಹಾಸು ಒಂದಿಂಚು ಎದ್ದಿದೆ ಎಂದರೆ ಅದು ಅಂದಗೇಡಿನ ಪ್ರಶ್ನೆಯಷ್ಟೇ ಆಗಿ ಉಳಿಯುವುದಿಲ್ಲ. ಮನೆಯ ವಿಮೆಯಲ್ಲಿ ಸಾಮಾನ್ಯವಾಗಿ ಇತರರ ಗಾಯಕ್ಕೆ ಸಂಬಂಧಿಸಿದ ಒಂದು ಭಾಗವಿರುತ್ತದೆ. ಅದರ ಮಿತಿ ಎಷ್ಟು, ಸೈಡ್‌ವಾಕ್ ಅದರಲ್ಲಿ ಸೇರುತ್ತದೆಯೇ ಎಂದು ಏಜೆಂಟರನ್ನು ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಟೌನ್‌ಹೌಸ್, ಕಾಂಡೊಗಳಲ್ಲಿ ಇರುವವರು ಸಂಘದ ನಿಯಮಾವಳಿಯಲ್ಲಿ ಇದು ಯಾರ ಪಾಲಿನದೆಂದು ನೋಡಬೇಕು. ಬಾಡಿಗೆಯವರಿಗೆ 5610ನೇ ಕಲಮಿನ ಹೊಣೆ ಬರುವುದಿಲ್ಲ, ಅದು ಮಾಲೀಕರದು. ಆದರೂ ಹಾಸು ಒಡೆದಿದೆ ಎಂದು ಮನೆ ಮಾಲೀಕರಿಗೆ ಒಂದು ಇ-ಮೇಲ್ ಬರೆದಿಡುವುದರಿಂದ ನಷ್ಟವೇನಿಲ್ಲ.

ಈಗ ಇನ್ನೊಂದು ಬದಿಯಿಂದ ನೋಡೋಣ. ಬಿದ್ದವರು ನಮ್ಮವರೇ ಆಗಿದ್ದರೆ? ಆರು ತಿಂಗಳ ವೀಸಾದ ಮೇಲೆ ಬಂದ ಎಪ್ಪತ್ತರ ಅಮ್ಮ ಬಿದ್ದು ಸೊಂಟ ಮುರಿದುಕೊಂಡರೆ, ಪ್ರವಾಸಿ ವಿಮೆಯ ಹಣ ಆಸ್ಪತ್ರೆಯ ಬಿಲ್ಲಿನ ಒಂದು ಮೂಲೆಗೂ ಸಾಲದಿರಬಹುದು. ಅಂಥ ಹೊತ್ತಿನಲ್ಲಿ ಯಾರೂ ಕಾನೂನಿನ ದಿನಗಳನ್ನು ಎಣಿಸುತ್ತ ಕೂರುವುದಿಲ್ಲ, ಆದರೆ ಎಣಿಸಬೇಕಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ನಗರದಂಥ ಸರ್ಕಾರಿ ಸಂಸ್ಥೆಯಿಂದ ಗಾಯಕ್ಕೆ ಪರಿಹಾರ ಕೇಳುವವರು ಆರು ತಿಂಗಳೊಳಗೆ ಲಿಖಿತ ಅರ್ಜಿ ಸಲ್ಲಿಸಬೇಕು. ಖಾಸಗಿ ಮಾಲೀಕರ ಮೇಲೆ ದಾವೆ ಹೂಡಲು ಸಾಮಾನ್ಯವಾಗಿ ಎರಡು ವರ್ಷ ಅವಕಾಶವಿದೆ. ಆರು ತಿಂಗಳು ಎಂದರೆ ಅಮ್ಮ ಚೇತರಿಸಿಕೊಂಡು ಊರಿಗೆ ವಿಮಾನ ಹತ್ತುವಷ್ಟರಲ್ಲಿ ಕಳೆದುಹೋಗುವ ಕಾಲ! ಬಿದ್ದ ದಿನವೇ ಆ ಜಾಗದ ಫೋಟೋ ತೆಗೆದು, ಪಕ್ಕದಲ್ಲಿ ಅಳತೆಪಟ್ಟಿಯನ್ನೋ ನಾಣ್ಯವನ್ನೋ ಇಟ್ಟು ಎತ್ತರ ಕಾಣುವಂತೆ ಮಾಡಿ. ಏಕೆಂದರೆ ಎಡವಿದ ಪ್ರತಿಯೊಂದು ಏಣನ್ನೂ ನ್ಯಾಯಾಲಯ ಅಪಾಯ ಎಂದು ಒಪ್ಪುವುದಿಲ್ಲ. ತೀರ ಚಿಕ್ಕ ದೋಷಗಳನ್ನು ಕ್ಷುಲ್ಲಕ ಎಂದು ಪಕ್ಕಕ್ಕಿಡುತ್ತದೆ. ಇಷ್ಟೇ ಅಂಗುಲ ಎಂಬ ಗೆರೆ ಇಲ್ಲ; ಎತ್ತರದ ಜೊತೆಗೆ ಬೆಳಕಿತ್ತೇ, ಎಲೆ ಮುಚ್ಚಿತ್ತೇ, ಅಂಚು ಚೂಪಾಗಿತ್ತೇ ಎಂಬುದನ್ನೆಲ್ಲ ನೋಡುತ್ತಾರೆ. ನಾವು ವಕೀಲರಲ್ಲ, ಅಂಥ ಸಂದರ್ಭ ಬಂದವರು ವಕೀಲರನ್ನೇ ಕಾಣಬೇಕು. ಆ ಆರು ತಿಂಗಳ ಗಡುವು ಮಾತ್ರ ಎಲ್ಲರ ತಲೆಯಲ್ಲೂ ಇರಲಿ.

ಹಾಸನ್ನು ಎತ್ತುವ ಬೇರು

ಇಷ್ಟಕ್ಕೂ ನಾಲ್ಕಿಂಚು ದಪ್ಪದ ಕಾಂಕ್ರೀಟನ್ನು ಮರದ ಬೇರು ಎತ್ತುವುದು ಹೇಗೆ? ಬೇರಿಗೆ ಬೇಕಾದ್ದು ನೀರು, ಗಾಳಿ ಮತ್ತು ಸಡಿಲವಾದ ಜಾಗ. ಹಾಸಿನ ಕೆಳಗಿನ ಮಣ್ಣನ್ನು ಧಮ್ಮಸ್ ಮಾಡಿ ಗಟ್ಟಿಗೊಳಿಸಿರುತ್ತಾರೆ, ಬೇರು ಅದರೊಳಕ್ಕೆ ಇಳಿಯಲಾರದು. ಆದರೆ ಮಣ್ಣಿಗೂ ಕಾಂಕ್ರೀಟಿಗೂ ನಡುವೆ ಸಣ್ಣ ಸಂದು ಉಳಿದಿರುತ್ತದೆ. ರಾತ್ರಿ ಕಾಂಕ್ರೀಟು ತಣ್ಣಗಾದಾಗ ಅದರ ಅಡಿಯಲ್ಲಿ ತೇವ ಕೂಡುತ್ತದೆ, ತಟ್ಟೆ ಮುಚ್ಚಿದ ಬಿಸಿ ಅನ್ನದ ಪಾತ್ರೆಯಲ್ಲಿ ತಟ್ಟೆಯ ಅಡಿಗೆ ಹನಿ ಕೂಡುವ ಹಾಗೆ. ದಾರದಂಥ ಎಳೆ ಬೇರು ಆ ತೇವವನ್ನು ಹುಡುಕಿಕೊಂಡು ಸಂದಿಗೆ ನುಗ್ಗುತ್ತದೆ. ವರ್ಷ ವರ್ಷ ದಪ್ಪವಾಗುತ್ತದೆ. ದಪ್ಪವಾಗಲು ಕೆಳಗೆ ಜಾಗವಿಲ್ಲ, ಮೇಲಕ್ಕೆ ತಳ್ಳುತ್ತದೆ. ಹಾಸುಗಳ ನಡುವೆ ಉದ್ದೇಶಪೂರ್ವಕ ಬಿಟ್ಟ ಗೆರೆಗಳಿರುವುದರಿಂದ ಒಂದು ಹಾಸು ಪೂರ್ತಿಯಾಗಿ ಬಾಗಿಲಿನಂತೆ ಏಳುತ್ತದೆ.

ಇದರ ಮೇಲೆ ನಮ್ಮ ಕಣಿವೆಯ ಮಣ್ಣು. ಸ್ಯಾಂಟಾ ಕ್ಲಾರಾ ಕಣಿವೆಯ ಬಹಳ ಕಡೆ ಜೇಡಿಯಂಶ ಹೆಚ್ಚಿರುವ ಮಣ್ಣಿದೆ. ನಮ್ಮ ಉತ್ತರ ಕರ್ನಾಟಕದ ಎರೆಮಣ್ಣನ್ನು ನೋಡಿದವರಿಗೆ ಇದರ ಸ್ವಭಾವ ಗೊತ್ತು: ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಜೊತೆಗೆ ಹುಲ್ಲಿಗೆಂದು ದಿನವೂ ಐದು ನಿಮಿಷ ಸ್ಪ್ರಿಂಕ್ಲರ್ ಬಿಟ್ಟರೆ ನೀರು ಮೇಲ್ಪದರದಲ್ಲೇ ನಿಲ್ಲುತ್ತದೆ, ಬೇರೂ ಮೇಲೆಯೇ ಹರಡುತ್ತದೆ. ಮರಕ್ಕೆ ಅಪರೂಪಕ್ಕೊಮ್ಮೆ, ಆಳಕ್ಕೆ ಇಳಿಯುವಂತೆ ನೀರುಣಿಸುವುದು ಮೇಲು.

ಲಾಸ್ ಏಂಜಲಿಸ್ ಕಡೆ ಈ ವಿಷಯದಲ್ಲಿ ಅತಿ ಕೆಟ್ಟ ಹೆಸರು ಪಡೆದ ಮರ ಫೈಕಸ್. ಅದು ನಮ್ಮ ಆಲ, ಅರಳಿ, ಅತ್ತಿಗಳ ದಾಯಾದಿ, ಭಾರತದಲ್ಲೂ ಬೆಳೆಯುವಂಥದ್ದು. ನಮ್ಮ ಹಿರಿಯರು ಅರಳಿಮರಕ್ಕೆ ಊರ ನಡುವೆ ಅಗಲವಾದ ಕಟ್ಟೆ ಕಟ್ಟಿ ಬಿಟ್ಟರು. ಇಲ್ಲಿಯವರು ಅದರ ಬಳಗದ ಮರವನ್ನು ಮೂರು ನಾಲ್ಕು ಅಡಿ ಅಗಲದ ಪಟ್ಟಿಯಲ್ಲಿ ನೆಟ್ಟು, ಪಕ್ಕದಲ್ಲೇ ಕಾಂಕ್ರೀಟು ಸುರಿದರು. ಮರವನ್ನು ದೂರುವುದು ನ್ಯಾಯವಲ್ಲ ಎಂದು ನಮಗನಿಸುತ್ತದೆ.

ಬೇರು ಕಾರಣವಾದರೆ ಮರ ಕಡಿದುಬಿಡಬಹುದೇ? ಹಾಗೆ ಮಾಡುವಂತಿಲ್ಲ. ಸ್ಯಾನ್ ಹೋಸೆಯಲ್ಲಿ ಬೀದಿಮರವನ್ನು ನೋಡಿಕೊಳ್ಳುವ ಹೊಣೆಯೂ ಮನೆ ಮಾಲೀಕರದೇ, ಆದರೆ ಅದನ್ನು ತೆಗೆಯಲು ನಗರದ ಪರವಾನಗಿ ಬೇಕು. ಬೇರನ್ನು ಕಡಿಯುವುದರಲ್ಲೂ ಅಪಾಯವಿದೆ. ಒಂದು ಬದಿಯ ದಪ್ಪ ಬೇರುಗಳನ್ನು ಕಡಿದರೆ ಮುಂದಿನ ಚಳಿಗಾಲದ ಬಿರುಗಾಳಿಗೆ ಮರ ಉರುಳಬಹುದು, ಆಗ ಬರುವ ಖರ್ಚಿನ ಮುಂದೆ ಸೈಡ್‌ವಾಕಿನದು ಏನೂ ಅಲ್ಲ. ಮರದ ತಜ್ಞರನ್ನು ಕೇಳದೆ ಕೊಡಲಿ ಎತ್ತಬೇಡಿ.

ಬೇರೆ ನಗರಗಳಲ್ಲಿ ಏನಾಯಿತು?

ಒಂದೊಂದು ನಗರವೂ ಒಂದೊಂದು ದಾರಿ ಹಿಡಿದಿದೆ. ಲಾಸ್ ಏಂಜಲಿಸ್ ಕಥೆ ವಿಚಿತ್ರ. 1970ರ ದಶಕದಲ್ಲಿ ಕೇಂದ್ರ ಸರ್ಕಾರದ ಹಣ ಸಿಕ್ಕಿತೆಂದು, ಬೀದಿಮರದ ಬೇರಿನಿಂದ ಆದ ಹಾನಿಯನ್ನು ತಾನೇ ಸರಿಪಡಿಸುವುದಾಗಿ ಆ ನಗರ ಒಪ್ಪಿಕೊಂಡಿತು. ಹಣ ಕೆಲವೇ ವರ್ಷಗಳಲ್ಲಿ ಮುಗಿಯಿತು, ಒಪ್ಪಿಕೊಂಡ ಮಾತು ಮಾತ್ರ ಪುಸ್ತಕದಲ್ಲಿ ಉಳಿಯಿತು. ನಗರವೂ ಮಾಡಲಿಲ್ಲ, ಮಾಲೀಕರೂ ಮಾಡಲಿಲ್ಲ, ಬೇರು ಸುಮ್ಮನೆ ಕೂರಲಿಲ್ಲ. ಗಾಲಿಕುರ್ಚಿ ಬಳಸುವವರು 2010ರಲ್ಲಿ ಮೊಕದ್ದಮೆ ಹೂಡಿದರು. ಕೊನೆಗೆ 30 ವರ್ಷಗಳಲ್ಲಿ ಸುಮಾರು 140 ಕೋಟಿ ಡಾಲರ್ ಖರ್ಚು ಮಾಡುವ ರಾಜಿಗೆ ನಗರ ಒಪ್ಪಿತು. 2016ರಲ್ಲಿ ನ್ಯಾಯಾಲಯ ಅದಕ್ಕೆ ಅನುಮೋದನೆ ಕೊಟ್ಟಿತು. ಅದೇ ವರ್ಷ ನಗರ ಹೊಸ ನೀತಿಯನ್ನೂ ತಂದಿತು: ಒಮ್ಮೆ ತಾನು ಸರಿಮಾಡಿ, ವಾಸದ ಮನೆಗಳಿಗೆ 20 ವರ್ಷ, ವ್ಯಾಪಾರದ ಕಟ್ಟಡಗಳಿಗೆ 5 ವರ್ಷ ಖಾತರಿ ಕೊಟ್ಟು, ಆಮೇಲೆ ಮಾಲೀಕರಿಗೆ ಒಪ್ಪಿಸುವುದು.

ಸ್ಯಾನ್ ಫ್ರಾನ್ಸಿಸ್ಕೊ ತದ್ವಿರುದ್ಧ. ಅಲ್ಲಿ ಮರಗಳನ್ನು ಮಾಲೀಕರ ತಲೆಗೆ ಕಟ್ಟುವ ಕೆಲಸ ನಡೆದಿತ್ತು. ಜನ ಬೇಸತ್ತು 2016ರ ನವೆಂಬರಿನಲ್ಲಿ ಒಂದು ಪ್ರಸ್ತಾವವನ್ನು ಮತದಿಂದ ಗೆಲ್ಲಿಸಿದರು. 2017ರ ಜುಲೈಯಿಂದ ಬೀದಿಮರಗಳೂ ಅವುಗಳಿಂದ ಆದ ಸೈಡ್‌ವಾಕ್ ಹಾನಿಯೂ ನಗರದ ಪಾಲಿಗೆ ಬಂದವು. ವರ್ಷಕ್ಕೆ 1 ಕೋಟಿ 90 ಲಕ್ಷ ಡಾಲರ್ ಅದಕ್ಕೆಂದೇ ತೆಗೆದಿಡಲಾಯಿತು. ಮರ ಕಾರಣವಲ್ಲದ ಒಡಕುಗಳು ಈಗಲೂ ಮಾಲೀಕರವೇ.

ನ್ಯೂಯಾರ್ಕಿನ ಕಥೆಯನ್ನು ಮಕ್ಕಳಿಗಾಗಿ ಹೇಳಲೇಬೇಕು. ದೋಷವಿದೆ ಎಂದು ಮೊದಲೇ ಬರಹದಲ್ಲಿ ತಿಳಿಸದಿದ್ದರೆ ಬಿದ್ದವರಿಗೆ ತಾನು ಹೊಣೆಯಲ್ಲ ಎಂದು ಆ ನಗರ 1979ರಲ್ಲಿ ಕಾನೂನು ಮಾಡಿತು. ಯಾವ ದಾರಿಹೋಕ ಬೀಳುವ ಮುಂಚೆ ಅರ್ಜಿ ಬರೆಯುತ್ತಾನೆ? ಆಗ ಅಲ್ಲಿನ ವಕೀಲರು ಸೇರಿ ಒಂದು ಸಂಸ್ಥೆ ಕಟ್ಟಿದರು. ಬೀದಿ ಬೀದಿಗೆ ಜನರನ್ನು ಕಳಿಸಿ, ಪ್ರತಿ ಬಿರುಕಿಗೂ ಗುಂಡಿಗೂ ಒಂದೊಂದು ಗುರುತು ಹಾಕಿದ ನಕ್ಷೆಗಳನ್ನು ತಯಾರಿಸಿ ನಗರದ ಕಚೇರಿಗೆ ಒಪ್ಪಿಸಿದರು. "ಇಗೋ, ಬರಹದಲ್ಲೇ ತಿಳಿಸಿದ್ದೇವೆ!" ಚಾಪೆಯ ಕೆಳಗೆ ನುಸುಳಿದವರ ರಂಗೋಲಿಯ ಕೆಳಗೆ ನುಸುಳುವುದು ಎಂದರೆ ಇದೇ. 2003ರಲ್ಲಿ ನಗರ ಮತ್ತೆ ಕಾನೂನು ಬದಲಿಸಿ ಗಾಯದ ಹೊಣೆಯನ್ನು ಮಾಲೀಕರಿಗೆ ದಾಟಿಸಿತು. ಮೂರು ಸಂಸಾರಗಳವರೆಗಿನ, ಮಾಲೀಕರು ತಾವೇ ವಾಸವಾಗಿರುವ, ವಾಸಕ್ಕಷ್ಟೇ ಬಳಸುವ ಮನೆಗಳಿಗೆ ಮಾತ್ರ ವಿನಾಯಿತಿ ಕೊಟ್ಟಿತು.

ನಮಗೆ ಹೆಚ್ಚು ಹಿಡಿಸಿದ್ದು ಕೊಲರಾಡೊ ರಾಜ್ಯದ ಡೆನ್ವರ್ ದಾರಿ. ಅಲ್ಲೂ ಮಾಲೀಕರೇ ರಿಪೇರಿ ಮಾಡಿಸಬೇಕಿತ್ತು, ಬೀದಿಗಳು ಹರುಕುಮುರುಕಾಗಿದ್ದವು. 2022ರ ನವೆಂಬರಿನಲ್ಲಿ ಮತದಾರರು ಆ ಹೊಣೆಯನ್ನು ನಗರಕ್ಕೆ ಕೊಟ್ಟರು, ಪ್ರತಿಯಾಗಿ ಎಲ್ಲರೂ ವರ್ಷಕ್ಕೊಂದು ಶುಲ್ಕ ಕಟ್ಟಲು ಒಪ್ಪಿದರು. 2025ರಿಂದ ಶುಲ್ಕ ಶುರುವಾಯಿತು, ಹೆಚ್ಚಿನ ಒಂಟಿಮನೆಗಳಿಗೆ ವರ್ಷಕ್ಕೆ 150 ಡಾಲರ್. ಮೊನ್ನೆಯಷ್ಟೇ ಸ್ವಂತ ಖರ್ಚಿನಲ್ಲಿ ಹಾಸು ಹೊಸದು ಮಾಡಿಸಿದವರು "ನಾವೇಕೆ ಮತ್ತೆ ಕಟ್ಟಬೇಕು?" ಎಂದರೆ ಅದರಲ್ಲೂ ನ್ಯಾಯವಿದೆ. ಆದರೂ ಕಾಲುದಾರಿ ಎಂಬುದು ಸರಪಳಿಯಂಥದ್ದು. ಹತ್ತು ಮನೆಗಳಲ್ಲಿ ಒಂಬತ್ತು ಮನೆಯವರು ಸರಿಮಾಡಿಸಿ ಒಬ್ಬರು ಬಿಟ್ಟರೆ, ಗಾಲಿಕುರ್ಚಿಯಲ್ಲಿ ಬಂದವರು ಆ ಹತ್ತನೆಯ ಮನೆಯ ಮುಂದೆ ರಸ್ತೆಗೆ ಇಳಿಯಲೇಬೇಕು.

ಗಾಲಿಕುರ್ಚಿಯ ಮಾತು ಬಂತು. ಸೈಡ್‌ವಾಕ್ ನಗರದ ಸೇವೆಯಲ್ಲವೆಂದು ಸ್ಯಾಕ್ರಮೆಂಟೊ ನಗರ ಒಮ್ಮೆ ವಾದಿಸಿತ್ತು. 2002ರಲ್ಲಿ ಬಾರ್ಡನ್ ಎಂಬ ಪ್ರಕರಣದಲ್ಲಿ ಒಂಬತ್ತನೇ ಸರ್ಕ್ಯೂಟಿನ ಕೇಂದ್ರ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. 1990ರ ಅಂಗವಿಕಲರ ಕಾಯ್ದೆ ಸೈಡ್‌ವಾಕಿಗೂ ಅನ್ವಯಿಸುತ್ತದೆ ಎಂದಿತು. ಆಮೇಲಿನ ರಾಜಿಯಲ್ಲಿ ಆ ನಗರ 30 ವರ್ಷಗಳವರೆಗೆ ತನ್ನ ಸಾರಿಗೆ ನಿಧಿಯ ಶೇಕಡಾ 20ರಷ್ಟನ್ನು ಈ ಕೆಲಸಕ್ಕೆ ಕೊಡಲು ಒಪ್ಪಿತು. ಮಾಲೀಕರ ಮೇಲೆ ಹೊಣೆ ಹಾಕಿದ ನಗರವೂ ಈ ಕಾಯ್ದೆಯಿಂದ ತಪ್ಪಿಸಿಕೊಳ್ಳಲಾರದು ಎಂಬುದು ಇದರ ಅರ್ಥ.

ನೋಟಿಸು ಬಂದರೆ

ಗಾಬರಿ ಬೇಡ. ಇನ್‌ಸ್ಪೆಕ್ಟರ್ ಸಾಮಾನ್ಯವಾಗಿ ಹಾಳಾದ ಹಾಸುಗಳ ಮೇಲೆ ಬಣ್ಣದ ಗುರುತು ಹಾಕಿರುತ್ತಾರೆ. ಏಣು ಸಣ್ಣದಿದ್ದರೆ ಅದನ್ನು ಯಂತ್ರದಿಂದ ಉಜ್ಜಿ ಇಳಿಜಾರು ಮಾಡಿದರೆ ಸಾಕಾಗಬಹುದು, ಹಾಸು ಕಿತ್ತು ಹೊಸದು ಹಾಕುವುದಕ್ಕಿಂತ ಅದು ಬಹಳ ಅಗ್ಗ. ಅದು ಒಪ್ಪಿಗೆಯೇ ಎಂದು ನಗರವನ್ನು ಮೊದಲೇ ಕೇಳಿಕೊಳ್ಳಿ. ಹೊಸದಾಗಿ ಹಾಕುವುದಾದರೆ ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಬೇಕು, ಪರವಾನಗಿ ಬೇಕು. ವಾರಾಂತ್ಯದಲ್ಲಿ ಸಿಮೆಂಟು ಮೂಟೆ ತಂದು ಸ್ವತಃ ಮೆತ್ತುವ ಸಾಹಸ ಬೇಡ. ಅಕ್ಕಪಕ್ಕದವರಿಗೂ ನೋಟಿಸು ಬಂದಿದ್ದರೆ ಎಲ್ಲರೂ ಸೇರಿ ಒಬ್ಬನೇ ಕಾಂಟ್ರಾಕ್ಟರನ್ನು ಕರೆದರೆ ದರ ಇಳಿಯುತ್ತದೆ. ಯಂತ್ರ, ಲಾರಿ ಒಂದೇ ಸಲ ಬಂದರೆ ಸಾಕಲ್ಲ. ಕೈಗೆ ಹಣ ಕೂಡಲೇ ಇಲ್ಲದಿದ್ದರೆ ಸುಮ್ಮನಿರದೆ ನೋಟಿಸಿನಲ್ಲಿರುವ ನಂಬರಿಗೆ ಫೋನು ಮಾಡಿ ಕಾಲಾವಕಾಶ ಕೇಳಿ.

ಎದುರುಮನೆಯವರ ಹಾಸು ಎದ್ದಿದ್ದು ಕಂಡರೆ? ನಗರಕ್ಕೆ ದೂರು ಕೊಡಬಹುದು. ಆದರೆ ಆ ದೂರಿನ ಫಲವಾಗಿ ಬಿಲ್ಲು ಹೋಗುವುದು ನಗರಕ್ಕಲ್ಲ, ಅದೇ ಮನೆಯವರಿಗೆ. ಅಲ್ಲಿ ಪಿಂಚಣಿಯ ಮೇಲೆ ಬದುಕುವ ಒಂಟಿ ವೃದ್ಧೆ ಇರಬಹುದು. ಮೊದಲು ಬಾಗಿಲು ತಟ್ಟಿ ಮಾತಾಡಿ. ಅಷ್ಟರಲ್ಲಿ ಎದ್ದ ಅಂಚಿಗೆ ಎದ್ದು ಕಾಣುವ ಬಣ್ಣ ಬಳಿಯಲು ನಗರದ ಒಪ್ಪಿಗೆ ಸಿಗುತ್ತದೆಯೇ ಎಂದು ಕೇಳಿ ನೋಡಬಹುದು.

ಮಕ್ಕಳಿಗೆ ಒಂದು ಕೆಲಸ

ಅಂಗವಿಕಲರ ಕಾಯ್ದೆಯ ಮಾನದಂಡದಲ್ಲಿ ಕಾಲಿಂಚಿನವರೆಗಿನ ಏಣು ಇದ್ದ ಹಾಗೆಯೇ ಇರಬಹುದು. ಕಾಲಿಂಚಿನಿಂದ ಅರ್ಧ ಇಂಚಿನವರೆಗೆ ಇದ್ದರೆ ಅಂಚನ್ನು ಓರೆಯಾಗಿ ಸವರಬೇಕು. ಅರ್ಧ ಇಂಚು ಮೀರಿದರೆ ಇಳಿಜಾರು ಬೇಕು. ಇದನ್ನು ಅಳೆಯಲು ಉಪಕರಣ ಬೇಡ, 25 ಸೆಂಟಿನ ಕ್ವಾರ್ಟರ್ ನಾಣ್ಯಗಳು ಸಾಕು. ಒಂದು ಕ್ವಾರ್ಟರಿನ ದಪ್ಪ 1.75 ಮಿಲಿಮೀಟರ್. ಏಳು ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿದರೆ 12.25 ಮಿಲಿಮೀಟರ್, ಅಂದರೆ ಅರ್ಧ ಇಂಚಿಗೆ ಕೂದಲೆಳೆಯಷ್ಟು ಕಡಿಮೆ. ಕಾಲಿಂಚಿಗೆ ಎಷ್ಟು ನಾಣ್ಯ ಬೇಕೆಂದು ನೀವೇ ಲೆಕ್ಕ ಹಾಕಿ. ಒಂದು ಇಂಚಿಗೆ 25.4 ಮಿಲಿಮೀಟರ್.

ಈ ಶನಿವಾರ ಅಜ್ಜನನ್ನೋ ಅಮ್ಮನನ್ನೋ ಜೊತೆಗೆ ಕರೆದುಕೊಂಡು, ನಿಮ್ಮ ಬಾಗಿಲಿನಿಂದ ಬೀದಿಯ ಕೊನೆಯವರೆಗೆ ನಡೆಯಿರಿ. ಎದ್ದ ಹಾಸಿನ ಪಕ್ಕದಲ್ಲಿ ನಾಣ್ಯಗಳನ್ನು ಪೇರಿಸಿ ಎತ್ತರ ನೋಡಿ. ದಾರಿಯ ಅಗಲ 36 ಇಂಚಿಗಿಂತ ಕಡಿಮೆಯಾದ ಜಾಗವಿದ್ದರೆ ಗುರುತಿಸಿ. ಗಾಲಿಕುರ್ಚಿ ಹೋಗಲು ಕನಿಷ್ಠ ಅಷ್ಟು ಬೇಕು. ಕಸದ ಡಬ್ಬಿ ಅಡ್ಡ ನಿಂತಿದ್ದರೂ ಬರೆದುಕೊಳ್ಳಿ, ಅದು ನಮ್ಮದೇ ಮನೆಯ ಡಬ್ಬಿಯಾಗಿದ್ದರೂ ಸರಿ. ಒಂದು ಹಾಳೆಯಲ್ಲಿ ಬೀದಿಯ ನಕ್ಷೆ ಬಿಡಿಸಿ: ಮರಕ್ಕೆ ಹಸಿರು ಚುಕ್ಕಿ, ಏಳು ನಾಣ್ಯಕ್ಕಿಂತ ಎತ್ತರದ ಏಣಿಗೆ ಕೆಂಪು ಗೆರೆ. ಕೆಂಪು ಗೆರೆಗಳಲ್ಲಿ ಎಷ್ಟು ಹಸಿರು ಚುಕ್ಕಿಯ ಪಕ್ಕದಲ್ಲಿವೆ ಎಂದು ಎಣಿಸಿ, ನಕ್ಷೆಯನ್ನು ಮುಂದಿನ ಕನ್ನಡ ತರಗತಿಗೆ ತನ್ನಿ. ರಸ್ತೆಗೆ ಇಳಿಯಬೇಡಿ, ನಾಣ್ಯಗಳನ್ನು ವಾಪಸು ಎತ್ತಿಕೊಳ್ಳಲು ಮರೆಯಬೇಡಿ.